ಜಗಲಿಯಲ್ಲಿ ಸಿಗ್ನಲ್ ಚೆನ್ನಾಗಿತ್ತು

2011ರಲ್ಲಿ ನಾನು ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಆರು ವರ್ಷವಾಗಿತ್ತು. ನನ್ನ ಕೈಗೆ ಬಂದದ್ದು ಸರಿಯಾಗದೆ ಹೋಗುವುದಿಲ್ಲ ಎಂಬ ಜಂಬ ತುಸು ಹೆಚ್ಚೇ ಇತ್ತು. ಅದನ್ನು ಇಳಿಸಿದ್ದು ಕಿರಿಮಂಜೇಶ್ವರದ ಒಂದು ಹಳೆಯ ಲ್ಯಾಪ್‌ಟಾಪ್.

ಅದು ಗಿರಿಜಾ ಎಂಬವರದು. ಅವರ ಗಂಡ ಮೀನುಗಾರಿಕೆ ಬಿಟ್ಟು, ಗಲ್ಫಿನ ಹಡಗು ರಿಪೇರಿ ಯಾರ್ಡಿಗೆ ವೆಲ್ಡರ್ ಆಗಿ ಹೋಗಿ ಎರಡು ವರ್ಷವಾಗಿತ್ತು. ಪ್ರತಿ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅರ್ಧ ಗಂಟೆ ಅಲ್ಲಿನ ಕಂಪ್ಯೂಟರ್ ಅವರ ಪಾಲಿಗೆ ಸಿಗುತ್ತಿತ್ತು. ಇಲ್ಲಿ ಪಕ್ಕದ ಮನೆಯ ಟೀಚರ್ ತಮ್ಮ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರು. ಆದರೆ ಒಳಕೋಣೆಯಲ್ಲಿ ಕೂತರೆ ವಿಡಿಯೊ ಕರೆಯಲ್ಲಿ ಗಂಡನ ಮುಖ ತೆರೆದ ಬಾಯಿಯಲ್ಲೇ ನಿಂತುಬಿಡುತ್ತಿತ್ತು.

ಲ್ಯಾಪ್‌ಟಾಪಿನ ಆಂಟೆನಾ ಎಂದರೆ ಪರದೆಯ ಅಂಚಿನೊಳಗೆ ಹಾಯುವ ಎರಡು ತೆಳು ತಂತಿ. ಕಡಲ ಗಾಳಿಗೆ ಅವುಗಳ ತುದಿ ಕಿಲುಬು ಹಿಡಿದಿತ್ತು. ಉಜ್ಜಿ ಕೂರಿಸಿದೆ, ಸಾಫ್ಟ್‌ವೇರನ್ನೂ ಹೊಸತು ಮಾಡಿದೆ. ಆದರೂ ಒಳಕೋಣೆಯಲ್ಲಿ ಒಂದೇ ಗೆರೆ ಸಿಗ್ನಲ್, ನಡುವೆ ಎರಡು ಕೆಂಪುಕಲ್ಲಿನ ಗೋಡೆ. ಮನೆಯಿಡೀ ಹೊತ್ತು ತಿರುಗಿದಾಗ ಜಗಲಿಯಲ್ಲಿ ಐದು ಗೆರೆ ಸಿಕ್ಕಿತು. ಅಲ್ಲೊಂದು ಸ್ಟೂಲು ಇಟ್ಟು, ಇನ್ನು ಇಲ್ಲೇ ಕೂತು ಮಾತಾಡಿ ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ವಾರ ಕಳೆದು ಗಿರಿಜಾ ಫೋನ್ ಮಾಡಿದರು, ಸರಿಯಾಗಿಲ್ಲವಂತೆ. ಸಿಟ್ಟು ಬಂತು. ಕಣ್ಣಾರೆ ನೋಡೋಣವೆಂದು ಶುಕ್ರವಾರವೇ ಹೋದೆ.

ಮೂರು ಗಂಟೆಗೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಲ್ಫಿನಿಂದ ಫೋನ್ ಬಂದರೆ ಅದು ಕೇರಿಗೆಲ್ಲ ಬಂದಂತೆ ನಮ್ಮ ಕಡೆ. ಮೀನು ಮಾರಿ ಬಂದವಳೂ ಬುಟ್ಟಿ ಇಳಿಸಿ ಕೂತಳು. ಚಿತ್ರ ಸ್ಪಷ್ಟವಾಗಿತ್ತು, ಒಮ್ಮೆಯೂ ನಿಲ್ಲಲಿಲ್ಲ. ಗಿರಿಜಾರ ಅತ್ತೆ ತಮ್ಮ ಮಗನ ಮೊಣಕಾಲು ನೋವು ವಿಚಾರಿಸಿದರು, ಇನ್ಯಾರೋ ಅಳಿಯನಿಗೆ ವೀಸಾ ಆದೀತೇ ಎಂದರು. ಗಿರಿಜಾರ ಸರದಿ ಬಂದದ್ದು ಕೊನೆಯ ಎರಡು ನಿಮಿಷಕ್ಕೆ. ಅವರು ಸೆರಗಿನ ತುದಿ ಸುತ್ತುತ್ತಾ “ಹ್ಞೂಂ, ಆರಾಮ್” ಎಂದರು. ಅಷ್ಟರಲ್ಲಿ ಹೊತ್ತು ಮುಗಿಯಿತು.

ಎಲ್ಲ ಎದ್ದುಹೋದ ಮೇಲೆ, ಇಷ್ಟು ಚೆನ್ನಾಗಿ ಬರುತ್ತಿದೆಯಲ್ಲ, ತೊಂದರೆ ಏನು ಎಂದು ತುಸು ಗಡುಸಾಗಿಯೇ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು:

“ಅಣ್ಣ, ಜಗ್ಲಿಯಂಗೆ ಸಿಗ್ನಲ್ ಬತ್ತ್. ನಂಗೆ ಮಾತ್ ಬತ್ತಿಲ್ಲೆ.”

ನನಗೆ 1997 ನೆನಪಾಯಿತು. ಮುಂಬೈಯ ಕ್ಯಾಂಟೀನೊಂದರಲ್ಲಿ ದುಡಿಯುತ್ತಿದ್ದ ನಾನು ಭಾನುವಾರ ಎಸ್‌ಟಿಡಿ ಬೂತಿನಿಂದ ನಮ್ಮೂರು ಗುಲ್ವಾಡಿಯ ಅಂಗಡಿಗೆ ಫೋನ್ ಮಾಡುತ್ತಿದ್ದೆ. ಅಮ್ಮ ಬಂದು ರಿಸೀವರ್ ಹಿಡಿಯುತ್ತಿದ್ದಳು. ಸುತ್ತ ಅಂಗಡಿಗೆ ಬಂದ ಜನ. “ಉಂಡ್ಯಾ ಮಗಾ?” ಎನ್ನುವಳು. ಉಂಡೆ ಎನ್ನುವೆ. ಮತ್ತೆ ಮಾತಿಲ್ಲ, ಆದರೆ ರಿಸೀವರ್ ಇಡುತ್ತಲೂ ಇರಲಿಲ್ಲ. ಇವಳಿಗೆ ಹೇಳಲು ಏನೂ ಇಲ್ಲ ಎಂದುಕೊಂಡು ನಾನೇ ಇಡುತ್ತಿದ್ದೆ. ಮರುವರ್ಷ ಅವಳು ತೀರಿಹೋದಳು.

ಮರುದಿನವೇ ಯುಎಸ್‌ಬಿ ಅಡಾಪ್ಟರ್ ಹಿಡಿದುಕೊಂಡು ಬಂದೆ. ಲ್ಯಾಪ್‌ಟಾಪಿನ ಹೊರಗೆ ಸಿಕ್ಕಿಸುವ, ಹೆಬ್ಬೆರಳಷ್ಟು ದೊಡ್ಡ ವೈಫೈ ಸಾಧನ ಅದು. ಐದು ಮೀಟರ್ ಕೇಬಲ್ಲನ್ನು ಕಿಟಕಿಯಿಂದ ಹೊರಗೆ ಎಳೆದು, ಅಡಾಪ್ಟರನ್ನು ಜಗಲಿಯ ಹಂಚಿನ ಮಾಡಿನಡಿ ಟೀಚರ ಮನೆಗೆ ಮುಖಮಾಡಿ ಕಟ್ಟಿದೆ. ಅದರ ಬೆನ್ನಿಗೆ ಗಿರಿಜಾರ ಅಡುಗೆಮನೆಯ ಸ್ಟೀಲಿನ ತೂತಿನ ಬೋಗುಣಿ. ಚದುರುವ ಅಲೆಗಳನ್ನು ಅದು ಒಟ್ಟುಮಾಡಿ ಕೊಡುತ್ತದೆ. “ಇನ್ನ್ ಅನ್ನ ಬಸುಕೆ ಎಂತ ಮಾಡುದ್?” ಎಂದು ಅತ್ತೆ ಗೊಣಗಿದರು. ಒಳಕೋಣೆಯಲ್ಲಿ ನಾಲ್ಕು ಗೆರೆ ಬಂತು.

ಮುಂದಿನ ಶುಕ್ರವಾರ ನೋಡಲು ಹೋದೆ. ಜನವೆಲ್ಲ ಒಳಕೋಣೆಗೇ ನುಗ್ಗಿತು. ಹತ್ತು ನಿಮಿಷ ಮಗನೊಂದಿಗೆ ಮಾತಾಡಿದ ಅತ್ತೆ ಎದ್ದು ನಿಂತರು.

“ಎಲ್ಲ ಹೆರ್ಗ್ ಬನಿ. ಅದ್ ಮಾತಾಡ್ಲಿ.”

ಸೊಸೆಯನ್ನು ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡರು. ನಾನು ಬೋಗುಣಿಯ ಕೆಳಗೆ ಕೂತೆ. ಒಳಗಿನಿಂದ ದನಿಯೇ ಇಲ್ಲ. ಐದು ನಿಮಿಷವಾದರೂ ಇಲ್ಲ. “ಕಟ್ ಆಯ್ತಾ?” ಎಂದರು ಅತ್ತೆ. ಗಾಬರಿಯಲ್ಲಿ ಮೇಲೆ ನೋಡಿದೆ. ಅಡಾಪ್ಟರಿನ ಹಸಿರು ದೀಪ ಬಿಡದೆ ಮಿನುಗುತ್ತಿತ್ತು, ಅಂದರೆ ಚಿತ್ರ ಎರಡೂ ಕಡೆಗೆ ಹರಿಯುತ್ತಲೇ ಇತ್ತು. ಒಳಗೆ ಗಂಡ ಹೆಂಡತಿ ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತಿದ್ದಿರಬೇಕು ಅಷ್ಟೆ. ಇಲ್ಲ, ಸರಿಯಾಗಿ ಹೋಗುತ್ತಿದೆ ಎಂದೆ.

ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಗೆರೆ ಎಣಿಸುವುದಿಲ್ಲ. ನೀವು ಎಲ್ಲಿ ಕೂತು ಮಾತಾಡುತ್ತೀರಿ ಎಂದು ಕೇಳುತ್ತೇನೆ. ಅಮ್ಮ ರಿಸೀವರ್ ಹಿಡಿದು ಸುಮ್ಮನೆ ನಿಂತಿರುತ್ತಿದ್ದಾಗ, ನಾನು ಇನ್ನೂ ಸ್ವಲ್ಪ ಹೊತ್ತು ಇಡದೆ ಇರಬಹುದಿತ್ತು.