ಟಪಾಲು ವಿಭಾಗದ ಗೋಡೆಯ ಮೇಲಿನ ಫೋಟೋ

ಕೊರೊನಾ ಕಳೆದು, ಲೋಕಲ್ ಟ್ರೇನಿನಲ್ಲಿ ಮತ್ತೆ ಕಾಲಿಡಲು ಜಾಗವಿಲ್ಲದಂತಾದ ಕಾಲ. ಆಗ ನಾನು ದಾದರಿನ ಒಂದು ಸರ್ಕಾರಿ ಕಚೇರಿಯ ಸಂಧಾನ ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿದ್ದೆ. ವೃತ್ತಿ ಎಂದು ಹೇಳಿಕೊಳ್ಳುವಂಥದ್ದು ನನಗೆ ಬೇರೇನೂ ಇಲ್ಲ. ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಅಡುಗೆ, ದೇವರ ಪೂಜೆ, ಶನಿವಾರದ ಭಜನೆ, ಇಷ್ಟೇ. ಆ ಕಚೇರಿಯ ಆಡಳಿತಾಧಿಕಾರಿ ಸಾವಂತ್ ಮೇಡಮ್ ನಮ್ಮ ಮೇಲಿನ ಮಹಡಿಯವರು. ಸಮಿತಿಗೆ ಇಲಾಖೆಯ ಹೊರಗಿನ ಒಬ್ಬ ಹೆಂಗಸು ಬೇಕಾದಾಗ ಅವರು ನಮ್ಮ ಅಡುಗೆಮನೆ ಬಾಗಿಲಿಗೇ ಬಂದು ನಿಂತರು. “ಭಜನೆಯಲ್ಲಿ ಮೊದಲ ಹಾಡು ಯಾರದ್ದು ಅನ್ನುವ ಜಗಳ ನೀವೇ ಬಿಡಿಸೋದಲ್ವಾ? ಇದೂ ಅಷ್ಟೇ” ಎಂದರು. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಸಂಧಾನ, ಅವರ ಮಾತಿನಲ್ಲಿ ಮೀಡಿಯೇಶನ್, ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಸರ್ಕಾರಿ ನೌಕರರ ಮಧ್ಯೆ ದೂರು ಬಿದ್ದರೆ ಇಲಾಖಾ ವಿಚಾರಣೆ ನಡೆಯುತ್ತದೆ. ಅದು ಶುರುವಾದರೆ ವರ್ಷಗಟ್ಟಲೆ ಮುಗಿಯುವುದಿಲ್ಲ. ಮುಗಿಯುವ ತನಕ ಬಡ್ತಿ, ಪೆನ್ಶನ್ ಎಲ್ಲ ತೂಗಾಡುತ್ತಿರುತ್ತವೆ. ಹಾಗಾಗಿ ಆ ಕಚೇರಿಯಲ್ಲಿ ಒಂದು ಏರ್ಪಾಡು ಮಾಡಿದ್ದರು. ಇಬ್ಬರೂ ಒಪ್ಪಿದರೆ ವಿಚಾರಣೆಗೆ ಮೊದಲು ನಮ್ಮೆದುರು ಕೂತು ಮಾತಾಡಬಹುದು. ನಾವು ತೀರ್ಪು ಕೊಡುವವರಲ್ಲ. ರಾಜಿಯಾದರೆ ದೂರು ಹಿಂದಕ್ಕೆ, ಆಗದಿದ್ದರೆ ಫೈಲು ಮೇಲಕ್ಕೆ. ನಮಗಿದ್ದ ಕಟ್ಟುಪಾಡು ಎರಡೇ. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವಾಗ ಒಬ್ಬರು ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ದಾಟಿಸಬಾರದು. ಈ ಎರಡನೆಯದೇ ನನ್ನನ್ನು ಹೈರಾಣು ಮಾಡಿದ್ದು.

ಅಷ್ಟರೊಳಗೆ ಕಿಟಕಿ ಪಕ್ಕದ ಕುರ್ಚಿ, ಏಸಿಯ ಚಳಿ, ಊಟದ ಹೊತ್ತಿನಲ್ಲಿ ಫೋನಿನ ಹಾಡು, ಹೀಗೆ ಎಷ್ಟೋ ಜಗಳ ನೋಡಿ ನನಗೆ ಸಾಕಾಗಿ ಹೋಗಿತ್ತು. ಮೊಣಕಾಲು ನೋವು ಬೇರೆ. ಇನ್ನು ಬಿಟ್ಟುಬಿಡುತ್ತೇನೆ ಎಂದು ಹೇಳುವುದಕ್ಕೇ ಒಂದು ದಿನ ಕಚೇರಿಗೆ ಹೋದೆ. ಸಾವಂತ್ ಮೇಡಮ್ ಬಿಡಲಿಲ್ಲ. “ಇದೊಂದು ನೋಡಿಬಿಡಿ, ಇಬ್ಬರೂ ಕನ್ನಡದವರು” ಎಂದರು.

ವಿಷಯ ಹೀಗಿತ್ತು. ಹೆಸರುಗಳನ್ನು ಬದಲಿಸಿದ್ದೇನೆ. ಟಪಾಲು ವಿಭಾಗವೆಂದರೆ ಕಚೇರಿಗೆ ಬರುವ ಹೋಗುವ ಕಾಗದಗಳೆಲ್ಲ ಹಾಯುವ ಜಾಗ. ಅಲ್ಲಿ ಮಲ್ಲಿಕಾರ್ಜುನ ಎಂಬ ಗುಮಾಸ್ತರಿದ್ದರು, ವಿಜಯಪುರದ ಕಡೆಯವರು. ಲಾಕ್‌ಡೌನಿನಲ್ಲಿ ಪಾಳಿಯ ಮೇಲೆ ಡ್ಯೂಟಿಗೆ ಬಂದು, ಸೋಂಕು ತಗಲಿ ತೀರಿಕೊಂಡರು. ಅನುಕಂಪದ ನೇಮಕಾತಿಯಲ್ಲಿ, ಎಂದರೆ ಸೇವೆಯಲ್ಲಿದ್ದು ಸತ್ತವರ ಮನೆಯವರಿಗೆ ಕೊಡುವ ಕೆಲಸದಲ್ಲಿ, ಅವರ ಹೆಂಡತಿ ಸುನಂದಾ ಅದೇ ವಿಭಾಗಕ್ಕೆ ಬಂದಳು. ಕೂತದ್ದೂ ಗಂಡನ ಕುರ್ಚಿಯಲ್ಲೇ. ಆ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಸಹೋದ್ಯೋಗಿಗಳು ಮಲ್ಲಿಕಾರ್ಜುನರ ದೊಡ್ಡ ಫೋಟೋ ಹಾಕಿದ್ದರು. ಅದಕ್ಕೆ ಗಂಧದ ಹಾರ, ಕೆಂಪು ಬಲ್ಬು. ದಿನಾ ಬೆಳಿಗ್ಗೆ ಹೆಡ್ ಕ್ಲರ್ಕ್ ಪಾಟೀಲರು ತಾವೇ ಊದುಬತ್ತಿ ಹಚ್ಚುತ್ತಿದ್ದರು.

ಸುನಂದಾ ಆ ಫೋಟೋ ತೆಗೆಯಿರಿ ಎಂದು ಎರಡು ಸಲ ಕೇಳಿದಳಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಎಲ್ಲರಿಗಿಂತ ಮೊದಲು ಬಂದು, ಸ್ಟೂಲು ಹತ್ತಿ, ತಾನೇ ಇಳಿಸಿದಳು. ಫೋಟೋವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಹಾರ ಕಸದ ಬುಟ್ಟಿಗೆ ಹೋಯಿತು. ಬಂದವರು ಮೊದಲು ನೋಡಿದ್ದು ಬುಟ್ಟಿಯಲ್ಲಿದ್ದ ಹಾರವನ್ನೇ. ಕೂಗಾಟವಾಯಿತು. ಮಧ್ಯಾಹ್ನದೊಳಗೆ ಫೋಟೋ ಮತ್ತೆ ಗೋಡೆಗೆ ಏರಿತು. ದಿವಂಗತ ನೌಕರನಿಗೆ ಅವಮಾನವಾಗಿದೆ ಎಂದು ಪಾಟೀಲರು ದೂರು ಕೊಟ್ಟರು. ಕೆಲಸ ಕೊಡದೆ ಮಾನಸಿಕ ಹಿಂಸೆ ಕೊಡುತ್ತಾರೆ ಎಂದು ಇವಳೂ ಕೊಟ್ಟಳು.

ನಮ್ಮ ಮನೆಯಲ್ಲೂ ಅತ್ತೆ ಮಾವನ ಫೋಟೋಗೆ ದಿನಾ ಹೂವಿಡುತ್ತೇನೆ. ಸತ್ತ ಗಂಡನ ಹಾರ ಕಸಕ್ಕೆ ಹಾಕಿದಳು ಎಂದಾಗ ನನ್ನ ಮನಸ್ಸಿಗೂ ಹಿಡಿಸಲಿಲ್ಲ.

ಆದರೆ ಕಳೆದುಹೋಗುವಂತಿದ್ದದ್ದು ಬರೀ ಮರ್ಯಾದೆಯಲ್ಲ. ಸುನಂದಾಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ವಿಚಾರಣೆ ಶುರುವಾದರೆ ಕಾಯಂ ಮಾಡುವುದಿಲ್ಲ. ಕೆಲಸ ಹೋದರೆ ಚೆಂಬೂರಿನ ಕ್ವಾರ್ಟರ್ಸೂ ಹೋಗುತ್ತದೆ. ಶಾಲೆಗೆ ಹೋಗುವ ಮಗಳಿದ್ದಳು. ಪಾಟೀಲರಿಗೆ ನಿವೃತ್ತಿ ಹತ್ತಿರವಿತ್ತು, ಅವರ ಪೆನ್ಶನ್ನೂ ಸಿಕ್ಕಿಕೊಳ್ಳುತ್ತಿತ್ತು.

ಮೊದಲ ಬೈಠಕ್ ಎರಡು ಸಲ ಮುಂದೆ ಹೋಗಿ, ಕಡೆಗೆ ಮೇ ತಿಂಗಳ ಸೆಕೆಯಲ್ಲಿ ಕೂತೆವು. ಫ್ಯಾನು ತಿರುಗುತ್ತಿತ್ತು, ಅದೇ ದೇವರ ದಯೆ.

ಪಾಟೀಲರು ಬೆಳಗಾವಿಯವರು, ದಪ್ಪ ಮೀಸೆ. ಬಾಯಿ ತೆರೆದರೆ ಇಡೀ ಕಾರಿಡಾರಿಗೆ ಕೇಳಬೇಕು. “ನಾ ಏನ್ ತಪ್ಪ ಮಾಡೀನ್ರಿ ಬಾಯಿ? ಮಲ್ಲ್ಯಾ ನನ್ನ ಜೀವದ ಗೆಳ್ಯಾ. ವೈನಿಗೆ ಈ ನೌಕರಿ ಸಿಗಲಿ ಅಂತ ಎಷ್ಟ್ ಚಪ್ಪಲಿ ಸವಿಸೀನಿ, ಕೇಳ್ರಿ ಮೇಡಮ್‌ನ.” ಬಾಯಿ ಎಂದರೆ ನಾನು, ಅಮ್ಮಾ ಎನ್ನುವ ಹಾಗೆ. ಗೆಳೆಯನ ಹೆಂಡತಿಯೆಂದು ಇಡೀ ವಿಭಾಗ ಸುನಂದಾಳನ್ನು ವೈನಿ, ಅತ್ತಿಗೆ, ಎಂದೇ ಕರೆಯುತ್ತಿತ್ತು.

ಸುನಂದಾ ತಲೆ ಎತ್ತದೆ ಹೇಳಿದಳು: “ಸವಿಸಿದ್ದು ಖರೇ ಐತ್ರಿ. ಈಗ ಅದ ಚಪ್ಪಲಿ ನನ್ನ ತಲಿಮ್ಯಾಲ ಇಟ್ಟಾರ.”

“ಕೇಳಿದ್ರಿಲ್ಲ! ಉಪಕಾರ ಮಾಡಿದ್ರ ಹಿಂಗ ನೋಡ್ರಿ!” ಎಂದು ಪಾಟೀಲರು ಎದ್ದೇಬಿಟ್ಟರು.

ಸಮಿತಿಯ ಪರವಾಗಿ ನನ್ನ ಪಕ್ಕ ಕೂತಿದ್ದ ಸಾವಂತ್ ಮೇಡಮ್ ಫೋನಿನಿಂದ ಕಣ್ಣು ತೆಗೆದು, ಇಬ್ಬರೂ ಸಾರಿ ಹೇಳಿ ಚಹಾ ಕುಡಿಯಿರಿ ಎಂದರು.

“ಸಾರಿ ಹೇಳ್ಲಿಕ್ಕ ನಾ ಏನ್ ಅವರ ಕಾಲ ತುಳದೇನ್ರಿ?” ಎಂದಳು ಸುನಂದಾ.

ಚಹಾ ಆರಿತು. ನಾವು ಎದ್ದೆವು.

ಮುಂದಿನ ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡೆ. ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡಲಿ ಎಂದು ಮೇಡಮ್ ಎದ್ದು ಹೋದರು. ಬಾಗಿಲು ಮುಚ್ಚಿದ ಮೇಲೆ ಪಾಟೀಲರ ದನಿ ಇಳಿಯಿತು. ಆ ಫೋಟೋ ಇಲ್ಲದಿದ್ದರೆ ನಿಮಗೆ ಏನು ಕಡಿಮೆಯಾಗುತ್ತದೆ ಮಾರಾಯ್ರೆ ಎಂದು ಕೇಳಿದೆ.

“ಅವಗ ರೋಗ ಹತ್ತಿದ ವಾರದ ಪಾಳಿ ನಂದಿತ್ರಿ ಬಾಯಿ. ಮನ್ಯಾಗ ಮಗಳು ಬಾಣಂತಿ, ಹಸಿ ಕೂಸು. ‘ಪಾಟೀಲಾ, ನೀ ಬರಬ್ಯಾಡ, ನಾ ಹೋಗ್ತೀನಿ’ ಅಂದ ಮಲ್ಲ್ಯಾ. ವಾರ ಪೂರ್ತಿ ಅವನ ಬಂದ.” ಮುಖ ಒರೆಸಿಕೊಂಡರು. “ಮುಂಜಾನೆ ಅವಗೊಂದು ಊದಬತ್ತಿ ಹಚ್ಚದಿದ್ರ ನನಗ ಮುಂದಿನ ಕೆಲಸ ಹತ್ತೂದಿಲ್ಲ. ಅವನ ಜೀವ ತಿಂದೀನಿ, ಇನ್ನ ಅವನ ಹೆಂಡತಿಗೆ ‘ಆ ಫೈಲ್ ತಾ, ಈ ಫೈಲ್ ತಾ’ ಅಂತ ಹ್ಯಾಂಗ ಅನ್ಲಿ? ಆದ್ರ ಇದನ್ನ ಅಕಿಗೆ ಹೇಳಬ್ಯಾಡ್ರಿ. ಕೈ ಮುಗೀತೀನಿ.”

ಹೇಳುವುದಿಲ್ಲ ಎಂದೆ. ನಿಯಮವೇ ಹಾಗಿತ್ತು.

ಅವರು ಹೋದ ಮೇಲೆ ಸುನಂದಾ ಬಂದಳು. ಒಂದು ಲೋಟ ನೀರು ಬೇಕೆಂದಳು. ಕುಡಿದಳು. ಆಮೇಲೆ ನಿಲ್ಲಿಸದೆ ಮಾತಾಡಿದಳು.

“ಅಕ್ಕಾರ, ಹತ್ತಕ್ಕ ಹೋಗಿ ಕುಂದರ್ತೀನಿ. ಬಂದವರೆಲ್ಲಾ ಮೊದಲ ಫೋಟೋ ನೋಡ್ತಾರ, ಆಮ್ಯಾಲ ನನ್ನ ನೋಡ್ತಾರ. ನಗು ಬಂದ್ರ ಸೆರಗ ಅಡ್ಡ ಹಿಡೀತೀನಿ. ಒಂದಿನ ಡಬ್ಬಿಯೊಳಗ ಹೋಳಿಗಿ ತಂದಿದ್ದೆ. ಮುಚ್ಚಿ ಮುಚ್ಚಿ ತಿಂದೆ, ಕಳ್ಳರಂಗ. ಕೆಲಸ ಕೇಳಿದ್ರ ‘ವೈನಿ, ನೀವು ಕುಂದರ್ರಿ’ ಅಂತಾರ. ಎಷ್ಟಂತ ಕುಂದರ್ಲಿ? ಮನ್ಯಾಗ ಅವರ ಫೋಟೋ ಐತ್ರಿ. ಅಳೂದು ಅಲ್ಲಿ ಅಳ್ತೀನಿ. ಇಲ್ಲಿ ನನಗ ಕೆಲಸ ಬೇಕು. ಇದನ್ನ ಬೇಕಾದ್ರ ಅವರಿಗೆ ಹೇಳ್ರಿ.”

ಹಾರದ ಬಗ್ಗೆ ನನ್ನ ಮನಸ್ಸಿನಲ್ಲಿದ್ದ ಮುಳ್ಳು ಅಲ್ಲಿಗೆ ಬಿತ್ತು. ಪಾಟೀಲರಿಗೆ ನಿಮ್ಮ ಮೇಲೆ ದ್ವೇಷವಿದ್ದಂತೆ ಕಾಣುವುದಿಲ್ಲ ಎಂದಷ್ಟೇ ಹೇಳಿದೆ.

ಅವಳು ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದಳು. “ದ್ವೇಷ ಅಲ್ಲಂತ ಗೊತ್ತೈತ್ರಿ. ಆ ವಾರದ ಪಾಳಿ ಯಾರದಿತ್ತು ಅನ್ನೂದೂ ಗೊತ್ತೈತಿ. ನಮ್ಮವರು ಮನೀಂದ ಹೋಗೂವಾಗ ಹೇಳೇ ಹೋಗಿದ್ರು.”

ಪಾಟೀಲರು ಇವಳಿಂದ ಬಚ್ಚಿಟ್ಟದ್ದು ಇವಳಿಗೆ ಮೊದಲಿನಿಂದಲೂ ಗೊತ್ತು. “ನಿಮಗೆ ಗೊತ್ತಿರುವುದನ್ನು ಅವರಿಗೆ ತಿಳಿಸಲಾ?” ಎಂದು ಕೇಳಿದೆ.

“ಬ್ಯಾಡ್ರಿ. ಹೇಳಿದ್ರ ಕಾಲಿಗೆ ಬಿದ್ದು ಕ್ಷಮಾ ಕೇಳ್ತಾರ. ಕೇಳಿದ್ರ ನಾ ಕೊಡಬೇಕಾಗ್ತದ. ಸದ್ಯ ನನ್ನ ಕಡೆ ಅಷ್ಟ್ ತ್ರಾಣ ಇಲ್ಲ, ಅಕ್ಕಾರ. ಕೆಲಸ ಕೊಡಸ್ರಿ, ಸಾಕು.”

ಅವತ್ತು ಸಂಜೆ ದಾದರಿನಲ್ಲಿ ಗಾಡಿ ಹತ್ತಿದಾಗ ಯಾರೋ ಹುಡುಗಿ ಸ್ವಲ್ಪ ಸರಿದು, ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯ ಸೀಟು ಕೊಟ್ಟಳು. ಅರ್ಧ ಮೈ ಹೊರಗಿದ್ದರೂ ಅವಳನ್ನು ಮನಸ್ಸಿನಲ್ಲೇ ಹರಸಿದೆ. ಎರಡೂ ಕಡೆಯ ಗುಟ್ಟು ಒಂದೇ, ಅದು ಇದ್ದದ್ದು ನನ್ನೊಬ್ಬಳ ಹೊಟ್ಟೆಯಲ್ಲಿ. ಒಂದು ಮಾತು ಹೇಳಿದರೆ ಇಬ್ಬರೂ ಅತ್ತು ಹಗುರಾಗುತ್ತಾರೇನೋ ಅನ್ನಿಸುತ್ತಿತ್ತು. ಹಗುರಾಗದೆ ಇನ್ನಷ್ಟು ಒಡೆದು ಹೋದರೆ? ಹೇಳುವ ಹಕ್ಕಂತೂ ನನಗಿರಲಿಲ್ಲ. ಮನೆಗೆ ಬಂದಾಗ ಯಜಮಾನರು “ಎಂತ ಆಯ್ತು?” ಎಂದರು. ತಲೆನೋವು ಎಂದೆ. ದೇವರೆದುರು ದೀಪ ಹಚ್ಚಿ ಸುಮ್ಮನೆ ಕೂತೆ, ಹಾಡು ಬರಲಿಲ್ಲ. ಯಾರಿಗೂ ಹೇಳಬಾರದ್ದನ್ನು ಹೇಳಿಕೊಳ್ಳುವುದಕ್ಕೆ ಒಂದು ಜಾಗವಾದರೂ ಇದೆಯಲ್ಲ ಎಂದುಕೊಂಡು ಎದ್ದೆ.

ಮತ್ತೊಂದು ವಾರ ಬಿಟ್ಟು ಪಾಟೀಲರನ್ನು ಊಟದ ಹೊತ್ತಿಗೆ ಟಪಾಲು ವಿಭಾಗಕ್ಕೇ ಕರೆದುಕೊಂಡು ಹೋದೆ. ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದರು. “ಸುನಂದಾಳ ಕುರ್ಚಿಯಲ್ಲಿ ಸ್ವಲ್ಪ ಕೂತ್ಕೊಳ್ಳಿ” ಎಂದೆ.

“ಯಾಕ್ರಿ?”

“ಕೂತ್ಕೊಳ್ಳಿ ಮಾರಾಯ್ರೆ. ಇಷ್ಟು ದೂರ ಬಂದದ್ದೇ ಅದಕ್ಕೆ.”

ಕೂತರು. ನಾನು ಬಾಗಿಲಿನಾಚೆ ಹೋಗಿ, ಕಾಗದ ಕೊಡಲು ಬಂದವಳಂತೆ ಒಳಗೆ ಬಂದೆ. ಅವರ ತಲೆಯ ಮೇಲಿನ ಫೋಟೋಗೆ ಕೈಮುಗಿದೆ. ಆಮೇಲೆ ಅವರ ಮುಖ ನೋಡಿ, ಸಾವಿನ ಮನೆಯಲ್ಲಿ ಮಾತಾಡಿಸುವ ದನಿಯಲ್ಲಿ, “ಪಾಪ, ಊಟ ಆಯ್ತಾ?” ಎಂದೆ. ಮತ್ತೆ ಹೊರಗೆ ಹೋದೆ, ಮತ್ತೆ ಬಂದೆ, ಹಾಗೇ ಮಾಡಿದೆ. ಮೊದಲನೆಯ ಸಲ ಪಾಟೀಲರು ನಕ್ಕರು. ಮೂರನೆಯ ಸಲ “ಸಾಕ್ರಿ ಬಾಯಿ” ಎಂದು ಎದ್ದರು. ಆಗ ಸುನಂದಾ ಹೇಳಬಹುದು ಎಂದದ್ದನ್ನು ಹೇಳಿದೆ. ಹೋಳಿಗೆಯ ಮಾತು ಬಂದಾಗ ಆ ದೊಡ್ಡ ಮನುಷ್ಯ ಗೋಡೆ ಕಡೆ ತಿರುಗಿ ನಿಂತರು.

“ಅಕಿ ಕಳ್ಳರಂಗ ತಿಂದ್ಲಾ? ಹಂಗಾಗಬೇಕಂತ ನಾ ಮಾಡಲಿಲ್ರಿ.”

“ಗೊತ್ತುಂಟು” ಎಂದೆ.

ಕೊನೆಯ ಬೈಠಕ್ಕಿನಲ್ಲಿ ಹೆಚ್ಚು ಮಾತಿರಲಿಲ್ಲ. ಫೋಟೋ ಇಳಿಸುವುದು, ಸುನಂದಾಳಿಗೆ ಮಿಕ್ಕವರಂತೆ ಕೆಲಸ ಹಂಚುವುದು, ಹೆಸರು ಹಿಡಿದು ಕರೆಯುವುದು, ದೂರುಗಳು ವಾಪಸು. ಎಲ್ಲಕ್ಕೂ ಪಾಟೀಲರು ತಲೆಯಾಡಿಸಿದರು. ಒಂದು ಕಡೆ ಮಾತ್ರ ನಿಂತಿತು. ಇಳಿಸಿದ ಫೋಟೋ ಎಲ್ಲಿಗೆ? ಸ್ಟೋರಿಗೆ ಎಂದರು ಸಾವಂತ್ ಮೇಡಮ್. ಹಳೆಯ ಕುರ್ಚಿಗಳ ನಡುವೆಯೇ ಎಂದು ಕೇಳಿದೆ. ಪಾಟೀಲರು ಕೆಮ್ಮಿದರು. ಆ ಕಾರಿಡಾರಿನ ದನಿ ಎಲ್ಲಿ ಹೋಗಿತ್ತೋ.

“ಅವರು ಹೂಂ ಅಂದ್ರ, ನಾ ನಮ್ಮ ಮನೀಗೆ ಒಯ್ತೀನಿ.”

ನಾನು ಸುನಂದಾಳ ಕಡೆ ನೋಡಿದೆ. ಅವರು ಯಾಕೆ ಕೇಳುತ್ತಿದ್ದಾರೆಂದು ಅವಳಿಗೆ ಗೊತ್ತು. ಅದು ಅವಳಿಗೆ ಗೊತ್ತಿದೆಯೆಂದು ಅವರಿಗೆ ಗೊತ್ತಿಲ್ಲ.

“ಒಯ್ರಿ” ಎಂದಳು. ಸ್ವಲ್ಪ ತಡೆದು, “ಹಾರ ಹಾಕಬ್ಯಾಡ್ರಿ. ಅವರಿಗೆ ಹಾರ ತುರಸ್ತಿತ್ತು, ಲಗ್ನದಾಗೂ ತಗದ ಇಟ್ಟಿದ್ರು. ಎದುರಿಗೆ ಕುಂತು ಚಾ ಕುಡೀರಿ, ಅಷ್ಟ ಸಾಕು” ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕೆಲಸ ಕಾಯಂ ಆಯಿತು. ಕ್ವಾರ್ಟರ್ಸ್ ಉಳಿಯಿತು. ಪಾಟೀಲರೂ ಈಗ ನಿವೃತ್ತರು, ಪೆನ್ಶನ್ ಬರುತ್ತಿದೆ. ಬೀಳ್ಕೊಡುಗೆಯ ದಿನ ಅವರೇ ಆ ಪಾಳಿಯ ವಿಷಯ ಅವಳಿಗೆ ಹೇಳಿದರಂತೆ. ಗೊತ್ತಿತ್ತು ಎಂದಳಂತೆ. ಕ್ಷಮೆಯ ಮಾತನ್ನು ಅವರು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಇಬ್ಬರೂ ಒಪ್ಪಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಆದರೆ ನನಗೆ ಹೆಚ್ಚು ನೆನಪಿರುವುದು ಅದಕ್ಕೂ ಮೊದಲಿನ ಒಂದು ಫೋನ್. ದೀಪಾವಳಿ ಎದುರಿಗಿತ್ತು, ಚಕ್ಕುಲಿ ಒತ್ತುತ್ತಿದ್ದೆ. ಸುನಂದಾ ಸ್ಟೇಶನ್ನಿನಿಂದ ಮಾಡಿದ್ದಳು, ಗಾಡಿಯ ಗದ್ದಲ ಕೇಳುತ್ತಿತ್ತು.

“ಅಕ್ಕಾರ, ಇವತ್ತ ಪಾಟೀಲ್ ಸಾಹೇಬ್ರು ನನಗ ಬೈದ್ರು!”

ಚಕ್ಕುಲಿ ಒರಳು ಕೆಳಗಿಟ್ಟೆ. “ಮತ್ತೆ ಶುರುವಾಯ್ತಾ? ಯಾಕಂತೆ?”

“ನಾಶಿಕದ ಟಪಾಲು ನಾಗಪುರಕ್ಕ ಕಳಿಸಿದ್ದೆ. ಎಲ್ಲಾರ ಮುಂದ ‘ಸುನಂದಾಬಾಯಿ, ಕಣ್ಣ ಎಲ್ಲಿಟ್ಟಿದ್ರಿ? ನಾಶಿಕ ಯಾವುದು, ನಾಗಪುರ ಯಾವುದು ತಿಳಿಯೂದಿಲ್ಲೇನು?’ ಅಂತ ಹೆಂಗ ಚೀರಿದ್ರು ಅಂತೀರಿ! ಕಾರಿಡಾರ್ ತುಂಬಾ ಕೇಳಸ್ತು.” ಅವಳು ನಗುತ್ತಿದ್ದಳು. ಸೆರಗು ಅಡ್ಡ ಹಿಡಿಯದ ನಗು ಎಂದು ಫೋನಿನಲ್ಲೇ ಗೊತ್ತಾಗುತ್ತಿತ್ತು.

ಆಮೇಲೂ ಒಂದೆರಡು ವರ್ಷ ಸಮಿತಿಯಲ್ಲಿದ್ದೆ. ಸಂಧಾನವೆಂದರೆ ಮುಚ್ಚಿಟ್ಟದ್ದನ್ನೆಲ್ಲ ಹೊರಗೆಳೆದು, ಇಬ್ಬರನ್ನೂ ಅಳಿಸಿ, ಕೈ ಕೈ ಕೂಡಿಸುವುದು ಎಂದು ನಾನು ತಿಳಿದಿದ್ದೆ. ಅಷ್ಟೆಲ್ಲ ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರು ಒಂದೇ ಕೋಣೆಯಲ್ಲಿ ಕೂತು ಆ ದಿನದ ಕೆಲಸ ಮಾಡಿ, ತಪ್ಪಿದಾಗ ಬೈದು, ಬೈಸಿಕೊಂಡು, ಸಂಜೆ ತಮ್ಮ ತಮ್ಮ ಗಾಡಿ ಹಿಡಿಯುವಂತಾದರೆ ಸಾಕು. ಉಳಿದದ್ದನ್ನು ದೇವರಿಗೆ ಬಿಟ್ಟಿದ್ದೇನೆ. ಅವನಿಗೆ ಪುರಸೊತ್ತಿದೆ, ಮೊಣಕಾಲು ನೋವೂ ಇಲ್ಲ.