ಜಾಬ್ ಶೀಟಿನಲ್ಲಿ ನಾನು ಬರೆದ ಒಂದು ಸಾಲು

ಕೊರೊನಾ ಲಾಕ್‌ಡೌನ್ ಮುಗಿದ ಮೇಲಿನ ಎರಡನೇ ಬೇಸಿಗೆ. ತುಮಕೂರಿನ ಬಿ.ಎಚ್. ರಸ್ತೆಯ ಮಹಡಿ ಅಂಗಡಿಯೊಂದರಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಆ ಹೊತ್ತಿಗೆ ಈ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೆ. ಬೇರೆ ಯಾರ ಕೈಲೂ ಆಗದ ಮೆಷಿನ್ ಇದ್ದರೆ ನನ್ನ ಹತ್ತಿರ ತರಬೇಕು ಅಂತ ಜನ ಹೇಳುತ್ತಿದ್ದರು. ಈ ಮಾತು ಕೇಳಿ ಕೇಳಿ ನನಗೆ ಕೋಡು ಮೂಡಿತ್ತು.

ಒಂದು ಮಧ್ಯಾಹ್ನ ಗುಬ್ಬಿಯಿಂದ ರುದ್ರೇಶ ಫೋನ್ ಮಾಡಿದ. ಅವನು ಆರು ವರ್ಷ ನನ್ನ ಪಕ್ಕದ ಮೇಜಿನಲ್ಲೇ ಕೆಲಸ ಮಾಡಿದವನು. ಆಮೇಲೆ ಗುಬ್ಬಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದ. ಅಲ್ಲಿನ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಮೇಂಟೆನೆನ್ಸ್ ಅವನದೇ. ಅಂಗಡಿ ನಿಂತಿದ್ದದ್ದೇ ಆ ಕೆಲಸದ ಮೇಲೆ.

"ಅಣ್ಣ, ನಿಟ್ಟೂರಿನ ಗಂಗಣ್ಣ ಅಂತ ಒಬ್ರು ಬರ್ತಾರೆ. ಗೇಮಿಂಗ್ ಪಿಸಿ. ಗ್ರಾಫಿಕ್ಸ್ ಕಾರ್ಡ್ ಕಾಯ್ದು ಆಫ್ ಆಗ್ತೈತೆ ಅಂತಾರೆ. ನನ್ನ ಅಂಗಡೀಲಿ ಆರು ಗಂಟೆ ಓಡ್ಸಿದೆ, ಏನೂ ಆಗ್ಲಿಲ್ಲ. ಅವ್ರ ಮನೇಲಿ ಮಾತ್ರ ಆಗೋದು. ಎರಡು ಸಲ ಹೋಗಿದ್ದೆ, ನಾನಿದ್ದಾಗ ಅಲ್ಲೂ ಆಗ್ಲಿಲ್ಲ. ನನ್ ತಲೇಗ್ ಹೊಳೀತಿಲ್ಲ, ನೀವೊಂದ್ಸಲ ನೋಡಿ ಹೇಳಿ."

ಆಯ್ತು ಬಿಡು, ನೋಡ್ತೀನಿ ಅಂದೆ. ಅವನು ಹೇಳಿದ್ದರಲ್ಲೇ ಉತ್ತರ ಇತ್ತು. ಆದರೆ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಗಂಗಣ್ಣ ಮರುದಿನವೇ ಮೆಷಿನ್ ತಂದರು. ಇಪ್ಪತ್ತೈದು ವರ್ಷ ಲಾರಿ ಓಡಿಸಿದವರು. ಮಂಡಿ ಕೆಟ್ಟ ಮೇಲೆ ಡಾಕ್ಟರು ಇನ್ನು ಕ್ಲಚ್ ತುಳಿಯಬೇಡಿ ಅಂದಿದ್ದರಂತೆ. ಈಗ ಮನೆಯಲ್ಲಿ ಕಂಪ್ಯೂಟರಿಗೆ ಸ್ಟೇರಿಂಗ್ ಜೋಡಿಸಿಕೊಂಡು ಲಾರಿ ಓಡಿಸುವ ಗೇಮ್ ಆಡುತ್ತಾರೆ. ಕಂಡಿರದ ದೇಶದ ರಸ್ತೆಯಲ್ಲಿ ದಿನಾ ಲೋಡು ಸಾಗಿಸುತ್ತಾರೆ. ನಗು ಬಂತು. ಆದರೆ ಅವರ ಮುಖ ನೋಡಿದ ಮೇಲೆ ನಗಲು ಆಗಲಿಲ್ಲ.

"ಇಪ್ಪತ್ತು ನಿಮಿಷ ಓಡ್ಸಿದ್ರೆ ಸ್ಕ್ರೀನ್ ಕಪ್ಪಾಗ್ತದೆ ಸಾರ್. ಆ ಗುಬ್ಬಿಯವ್ನು ನಿಮ್ಮನೇಲೇ ಏನೋ ಐತೆ ಅಂತಾನೆ. ನಮ್ಮನೇಲಿ ಏನೈತೆ, ದೆವ್ವ ಐತಾ?" ಅಂದರು.

ಗ್ರಾಫಿಕ್ಸ್ ಕಾರ್ಡ್ ಅಂದರೆ ಪರದೆಯ ಮೇಲಿನ ಚಿತ್ರಗಳನ್ನೆಲ್ಲ ಲೆಕ್ಕ ಹಾಕಿ ಮೂಡಿಸುವ ಭಾಗ. ಗೇಮ್ ಆಡುವಾಗ ಅದು ವಿಪರೀತ ಕಾಯುತ್ತದೆ. ಆ ಶಾಖವನ್ನು ಚಿಪ್ಪಿನಿಂದ ಲೋಹದ ಹೀಟ್‌ಸಿಂಕಿಗೆ ದಾಟಿಸಲು ನಡುವೆ ಥರ್ಮಲ್ ಪೇಸ್ಟ್ ಅನ್ನುವ ಬೂದು ಬಣ್ಣದ ಮುಲಾಮು ಹಚ್ಚುತ್ತೇವೆ. ಫ್ಯಾನು ಬಿಸಿಗಾಳಿಯನ್ನು ಆಚೆ ತಳ್ಳುತ್ತದೆ. ಶಾಖ ಮಿತಿ ಮೀರಿದರೆ ಕಾರ್ಡು ಸುಟ್ಟುಹೋಗದಿರಲೆಂದು ತಾನೇ ನಿಂತುಬಿಡುತ್ತದೆ.

ಕಾರ್ಡು ಬಿಚ್ಚಿದೆ. ರುದ್ರೇಶ ಧೂಳೆಲ್ಲ ತೆಗೆದು ಹೊಸ ಪೇಸ್ಟ್ ಹಚ್ಚಿದ್ದ. ಬೇಕಾದ್ದಕ್ಕಿಂತ ತುಸು ಜಾಸ್ತಿಯಾಗಿ ಅಂಚಿನಲ್ಲಿ ಒಸರಿತ್ತು. ಅದರಿಂದ ಕಾರ್ಡಿಗೆ ಏನೂ ಆಗುವುದಿಲ್ಲ. ಇದು ನನಗೆ ಅವತ್ತೂ ಗೊತ್ತಿತ್ತು. ಅದನ್ನು ಒರೆಸಿ ನನ್ನ ಪೇಸ್ಟ್ ಹಚ್ಚಿದೆ. ನಾಲ್ಕು ಗಂಟೆ ಸ್ಟ್ರೆಸ್ ಟೆಸ್ಟ್ ಹಾಕಿದೆ, ಅಂದರೆ ಕಾರ್ಡಿಗೆ ಆದಷ್ಟು ಕೆಲಸ ಕೊಟ್ಟು ಓಡಿಸಿದೆ. ಎಪ್ಪತ್ತೆರಡು ಡಿಗ್ರಿ ದಾಟಲಿಲ್ಲ. ರುದ್ರೇಶನ ಅಂಗಡಿಯಲ್ಲೂ ಹೀಗೇ ಓಡಿತ್ತಲ್ಲ ಅಂತ ಆ ಕ್ಷಣ ನೆನಪಾಗಬೇಕಿತ್ತು. ಆಗಲಿಲ್ಲ. ಬೇಡವಾದದ್ದು ನೆನಪಾಗುವುದಿಲ್ಲ.

ಗಂಗಣ್ಣ ಎದುರಿಗೇ ನಿಂತು, "ಏನಾಗಿತ್ತು ಸಾರ್?" ಅಂದರು. ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಜಾಬ್ ಶೀಟಿನಲ್ಲಿ, ಅಂದರೆ ಮಾಡಿದ ಕೆಲಸ ಬರೆದು ಗಿರಾಕಿಗೆ ಕೊಡುವ ಚೀಟಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದೆ: "ಹಿಂದೆ ಬಿಚ್ಚಿದವರು ಪೇಸ್ಟ್ ಸರಿಯಾಗಿ ಹಾಕಿಲ್ಲ. ಕಾರ್ಡ್ ಕಾಯಲು ಅದೇ ಕಾರಣ." ಕೆಳಗೆ ಸಹಿ, ಅಂಗಡಿಯ ಸೀಲು.

ಗಂಗಣ್ಣ ನಿಟ್ಟೂರಿಗೆ ಹೋಗುವ ದಾರಿಯಲ್ಲಿ ಗುಬ್ಬಿಯಲ್ಲಿ ಇಳಿದರು. ರುದ್ರೇಶನ ಅಂಗಡಿಯ ಮುಂದೆ ನಿಂತು ಲಾರಿಯವರ ಭಾಷೆಯಲ್ಲಿ ಹತ್ತು ನಿಮಿಷ ಮಂತ್ರಪುಷ್ಪ ಮಾಡಿದರಂತೆ. ಚೀಟಿಯ ಫೋಟೋ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ಗ್ರೂಪುಗಳಲ್ಲಿ ಕಡಿಮೆಯೇ? ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹರಿದು ಅದು ಕಾಲೇಜಿನ ಆಫೀಸನ್ನೂ ಮುಟ್ಟಿತು. ರುದ್ರೇಶ ನನಗೆ ಫೋನ್ ಮಾಡಿ ಜಗಳ ಆಡಬಹುದು ಅಂತ ಕಾದೆ. ಅವನು ಮಾಡಲಿಲ್ಲ.

ವಾರ ಕಳೆಯುವಷ್ಟರಲ್ಲಿ ಗಂಗಣ್ಣನದೇ ಫೋನ್. "ಮತ್ತೆ ಹಂಗೇ ಆಯ್ತು ಸಾರ್."

ನಿಟ್ಟೂರಿಗೆ ಹೋದೆ. ಹಾಲಿನಲ್ಲಿ ಮೇಜಿನ ಮೇಲೆ ಮೆಷಿನ್ ಹೊಸದರಂತೆ ಹೊಳೆಯುತ್ತಿತ್ತು. ಒಂದು ಗಂಟೆ ಗೇಮ್ ಓಡಿಸಿದೆ, ಎಪ್ಪತ್ಮೂರು ಡಿಗ್ರಿ. ಅವರ ಹೆಂಡತಿ ಜಯಮ್ಮ ಕಾಫಿ ಕೊಟ್ಟರು. ಕುಡಿದು ಬಂದೆ. ಎರಡು ದಿನಕ್ಕೆ ಮತ್ತೆ ಫೋನ್, ಮತ್ತೆ ಹೋದೆ, ಮತ್ತೆ ಏನೂ ಇಲ್ಲ. ಈ ಸಲ ವಾಪಸ್ ಹೊರಟವನು ರೈಲ್ವೆ ಗೇಟಿನವರೆಗೆ ಬಂದಿದ್ದೆ, ಸ್ಕ್ರೂಡ್ರೈವರಿನ ಪೌಚ್ ಅಲ್ಲೇ ಬಿಟ್ಟದ್ದು ನೆನಪಾಯಿತು. ಸ್ಕೂಟರ್ ತಿರುಗಿಸಿದೆ.

ಬಾಗಿಲು ತೆರೆದೇ ಇತ್ತು. ಒಳಗೆ ಹೋದರೆ ಗಂಗಣ್ಣ ಸ್ಟೇರಿಂಗ್ ಹಿಡಿದು ಕೂತಿದ್ದರು. ಪಕ್ಕದಲ್ಲಿದ್ದ ಮೆಷಿನ್ನಿಗೆ ಮೆರೂನ್ ಬಣ್ಣದ ದಪ್ಪ ವೆಲ್ವೆಟ್ಟಿನ ಕವರು. ಒಳಗೆ ಅಸ್ತರು, ಅಂಚಿಗೆ ಲೇಸು. ಮುಂದುಗಡೆ ಬಟನ್ ಒತ್ತಲು ಒಂದು ಕಿಟಕಿ, ಹಿಂದೆ ವೈರು ಹೋಗಲು ಒಂದು ತೂತು. ಉಳಿದಂತೆ ನಾಲ್ಕೂ ಕಡೆ, ನೆತ್ತಿಯ ಮೇಲೂ, ಗಾಳಿಗೆ ದಾರಿ ಇಲ್ಲ.

"ಇದು ಯಾವಾಗ್ಲೂ ಇರುತ್ತಾ?" ಅಂದೆ.

ಜಯಮ್ಮನಿಗೆ ನಾಚಿಕೆಯಾಯಿತು. "ಗುಬ್ಬಿಯವ್ರು ಮೊದ್ಲು ಕ್ಲೀನ್ ಮಾಡ್ಕೊಟ್ಟಾಗ ಧೂಳು ಕೂರಬಾರ್ದು ಅಂದಿದ್ರು ಸಾರ್. ಅದ್ಕೇ ನಾನೇ ಹೊಲ್ದೆ. ಯಾರಾದ್ರೂ ಬಂದಾಗ ತೆಗ್ದಿಡ್ತೀವಿ. ಸೋಫಾದೂ ಅಂಗೇ ತಾನೆ? ಬಂದೋರ್ ಮುಂದೆ ಮುಚ್ಚಿಟ್ರೆ ಚೆನ್ನಾಗಿರ್ತದಾ?"

ನನಗೆ ತೋರಿದ ಮರ್ಯಾದೆಯನ್ನು ಅವರು ರುದ್ರೇಶನಿಗೂ ತೋರಿಸಿದ್ದರು. ನಾವಿಬ್ಬರೂ ಬಂದಾಗಲೆಲ್ಲ ರೋಗ ಮಡಚಿಕೊಂಡು ಬೀರುವಿನೊಳಗೆ ಹೋಗುತ್ತಿತ್ತು. ಕವರು ಹಾಗೇ ಇರಲಿ ಅಂತ ಹೇಳಿ ಗೇಮ್ ಓಡಿಸಿದೆ. ಎಂಬತ್ತು, ಎಂಬತ್ತೆಂಟು, ತೊಂಬತ್ತೈದು. ಹದಿನೇಳನೇ ನಿಮಿಷಕ್ಕೆ ಸ್ಕ್ರೀನ್ ಕಪ್ಪಾಯಿತು. ಮೊದಲ ಸಲ ಕೆಟ್ಟದ್ದು ಧೂಳಿನಿಂದ, ಅದನ್ನು ರುದ್ರೇಶ ಸರಿಮಾಡಿದ್ದ. ಆಮೇಲಿನದೆಲ್ಲ ಈ ಕವರಿನದು. ಮನೆಯಲ್ಲೇ ಏನೋ ಇದೆ ಅಂದದ್ದು ಅಕ್ಷರಶಃ ನಿಜವಾಗಿತ್ತು.

ಗಂಗಣ್ಣ ಸ್ಟೇರಿಂಗ್ ಬಿಟ್ಟು ನನ್ನ ಕಡೆ ತಿರುಗಿದರು. "ಅಂಗಾದ್ರೆ ಆ ಗುಬ್ಬಿಯವ್ನದು ತಪ್ಪಿರ್ಲಿಲ್ವಾ ಸಾರ್?"

ಇಲ್ಲ ಅನ್ನುವ ಒಂದು ಮಾತು ಸಾಕಿತ್ತು. ಆ ಮುಂಗೋಪಿ ಮನುಷ್ಯ ಮೋಸದವರಲ್ಲ, ಹೇಗೆ ಬೈದಿದ್ದರೋ ಹಾಗೇ ಹೋಗಿ ತಪ್ಪಾಯ್ತು ಅನ್ನುತ್ತಿದ್ದರು, ಅದೇ ಗ್ರೂಪಿನಲ್ಲಿ ಹಾಕುತ್ತಿದ್ದರು. ಆದರೆ ಆ ಚೀಟಿಯ ಮೇಲೆ ನನ್ನ ಸಹಿ ಇತ್ತು.

"ಅದೂ ಸ್ವಲ್ಪ ಇತ್ತು, ಇದೂ ಸೇರ್ಕೊಂಡಿತ್ತು," ಅಂದೆ.

ಜಯಮ್ಮ ಕವರು ಮಡಚುತ್ತಿದ್ದವರು ತಲೆ ಎತ್ತಿ ನನ್ನನ್ನು ನೋಡಿದರು. ಈ ಸಲ ಕಾಫಿ ಕುಡೀತೀರಾ ಅಂತ ಕೇಳಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನಗಾದರೋ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಎಲ್ಲರ ಎದುರಿಗೇ ಅವಕಾಶ ಸಿಕ್ಕಿತ್ತು. ಅದನ್ನು ಬೇಕೆಂದೇ ಕಳೆದುಕೊಂಡೆ.

ಆ ಜೂನ್‌ನಲ್ಲಿ ಗುಬ್ಬಿಯ ಕಾಲೇಜಿನವರು ಲ್ಯಾಬಿನ ಕೆಲಸಕ್ಕೆ ಬೇರೆಯವರನ್ನು ಹುಡುಕಿದರು. ನನ್ನನ್ನೇ ಕರೆದರು. ಒಪ್ಪಿಕೊಂಡೆ. ನಾನು ಬಿಟ್ಟರೆ ಇನ್ಯಾರೋ ತಗೋತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊದಲ ದಿನ ಹೋದಾಗ ಪ್ರತಿ ಮೆಷಿನ್ನಿನ ಬೆನ್ನಿಗೂ ರುದ್ರೇಶನ ಅಕ್ಷರದ ಸ್ಟಿಕರ್ ಇತ್ತು, ಕ್ಲೀನ್ ಮಾಡಿದ ದಿನ, ಬದಲಿಸಿದ ಭಾಗ. ಅಷ್ಟು ಅಚ್ಚುಕಟ್ಟಾಗಿ ನಾನೂ ಬರೆದವನಲ್ಲ. ದಸರಾ ಹೊತ್ತಿಗೆ ಅವನ ಅಂಗಡಿಗೆ ಬೀಗ ಬಿತ್ತು.

ಹೋದ ವರ್ಷ ಮಿಕ್ಸಿ ತರಲು ಕುಣಿಗಲ್‌ನಲ್ಲಿ ಒಂದು ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ರುದ್ರೇಶ ನಿಂತಿದ್ದ, ಎದೆಗೆ ಸೇಲ್ಸ್‌ಮನ್ ಬ್ಯಾಡ್ಜು. ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ. "ಬನ್ನಿ ಅಣ್ಣ, ಕೂತ್ಕೊಳಿ," ಅಂತ ಸ್ಟೂಲು ಎಳೆದ. ಮಿಕ್ಸಿ ತೋರಿಸಿದ, ಜಾರು ತಿರುಗಿಸಿ ಕಾಣಿಸಿದ, ಹೆಚ್ಚು ಹೊತ್ತು ಓಡಿಸಬೇಡಿ, ಮೋಟರ್ ಕಾಯುತ್ತೆ ಅಂದ. ಅಷ್ಟು ಕೇಳಿದ್ದೇ ನನಗೆ ತಡೆಯಲಾಗಲಿಲ್ಲ.

"ರುದ್ರೇಶ, ಆ ನಿಟ್ಟೂರಿನ ಕಾರ್ಡಲ್ಲಿ ನಿನ್ನ ತಪ್ಪು ಇರ್ಲಿಲ್ಲ ಕಣೋ. ಕವರ್ ಹೊಲ್ದು ಹಾಕಿದ್ರು. ನನಗೆ ಆಮೇಲೆ ಗೊತ್ತಾಯ್ತು."

ಅವನು ಜಾರಿನ ಮುಚ್ಚಳ ಹಾಕಿದ. "ಗೊತ್ತಣ್ಣ. ಆ ಜಯಮ್ಮ ಅವತ್ತೇ ಫೋನ್ ಮಾಡಿ ಎಲ್ಲಾ ಹೇಳಿದ್ರು, ಅತ್ತೂಬಿಟ್ರು. ನೀವೂ ಮಾಡ್ತೀರ ಅಂತ ಕಾಯ್ತಿದ್ದೆ."

"ಈಗ ಬರ್ಕೊಡ್ಲಾ?" ಅಂದೆ. ಕೇಳುವಾಗಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಈಗ ಯಾರಿಗ್ ತೋರಿಸ್ಲಿ ಬುಡಿ ಅಣ್ಣ. ಇದ್ಕೆ ಎರಡು ವರ್ಷ ವಾರಂಟಿ ಐತೆ, ಬಿಲ್ ಜೋಪಾನ ಮಾಡಿ," ಅಂತ ಮಿಕ್ಸಿಯನ್ನು ಪ್ಯಾಕ್ ಮಾಡತೊಡಗಿದ.

ಮೆಷಿನ್ ನಮ್ಮ ಕಣ್ಣೆದುರು ಕೆಡದಿದ್ದರೆ ಅದು ದಿನಾ ಹೇಗಿರುತ್ತದೋ ಹಾಗೆ ಹೋಗಿ ನೋಡಬೇಕು ಅನ್ನುವುದು ಈ ಕಸುಬು ಕಲಿಸಿದ ಸಣ್ಣ ಪಾಠ. ಅದನ್ನು ಈಗ ಎಲ್ಲರಿಗೂ ಹೇಳುತ್ತೇನೆ. ನನಗಿಂತ ಮೊದಲು ಬಿಚ್ಚಿದವರ ಬಗ್ಗೆ ಜಾಬ್ ಶೀಟಿನಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ. ದೊಡ್ಡ ಪಾಠ ಇನ್ನೊಂದಿದೆ. ತಪ್ಪು ಗೊತ್ತಾದ ದಿನವೇ, ಕೇಳಿದವರ ಮುಂದೆಯೇ, ನನ್ನದು ಅನ್ನಬೇಕು. ಆಮೇಲೆ ಹೇಳಿದರೆ ಅದು ಹೇಳಿದವನ ಎದೆಭಾರ ಇಳಿಸಿಕೊಳ್ಳಲು ಮಾತ್ರ. ಇದು ಚೆನ್ನಾಗಿ ಅರ್ಥವಾಗಿದೆ ಅಂತ ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಗುಬ್ಬಿಯ ಆ ಲ್ಯಾಬಿನ ಕೆಲಸ ಈಗಲೂ ನನ್ನ ಕೈಯಲ್ಲೇ ಇದೆ.