ಅಜ್ಜಿ ಆಣೆ ಬಿಟ್ಟ ಬೇಸಿಗೆ

ಆಗೆಲ್ಲ ನಮ್ಮ ಬೆಸಗರಹಳ್ಳಿ ಕಡೆ ಸಂಕ್ರಾಂತಿ ಹತ್ತಿರವಾಯಿತೆಂದು ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ, ಮೂಗು ಸಾಕಾಗಿತ್ತು. ಆಲೆಮನೆಯ ಹೊಗೆ, ಕುದಿಯುವ ಕಬ್ಬಿನ ಹಾಲು, ಒಲೆಗೆ ತುರುಕಿದ ಒಣ ಸಿಪ್ಪೆ, ಎಲ್ಲ ಬೆರೆತ ವಾಸನೆ ಸ್ಕೂಲಿನ ಕಿಟಕಿಯವರೆಗೂ ಬರುತ್ತಿತ್ತು. ಗಂಟೆ ಹೊಡೆದದ್ದೇ ತಡ, ಬ್ಯಾಗು ಜಗಲಿಗೆಸೆದು ಓಡುತ್ತಿದ್ದೆವು. ಕಬ್ಬಿನ ತುಂಡನ್ನು ಬಿಸಿ ಪಾಕಕ್ಕೆ ಅದ್ದಿ, ಊದಿ ಊದಿ ನೆಕ್ಕುವುದು. ನಾಲಿಗೆ ಸುಟ್ಟುಕೊಳ್ಳದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆ ವರ್ಷ ನನಗೆ ಹತ್ತು. ಅವ್ವ ಎರಡನೇ ಬಾಣಂತನಕ್ಕೆ ಮಳವಳ್ಳಿ ಕಡೆಯ ತವರಿಗೆ ಹೋಗಿದ್ದಳು, ಅಲ್ಲೇ ನನ್ನ ತಮ್ಮ ಹುಟ್ಟಿದ್ದ. ಮನೆಯಲ್ಲಿ ಉಳಿದವರು ಅಪ್ಪ, ಅಪ್ಪನನ್ನು ಹೆತ್ತ ನನ್ನಜ್ಜಿ, ಮತ್ತೆ ನಾನು. ನಮ್ಮ ಗದ್ದೆಯ ಕಬ್ಬು ಅರೆದ ದಿನ, ಆಲೆಮನೆಯ ಗೋಡೆಗೊರಗಿಸಿದ್ದ ಕಳೆ ಔಷಧಿಯ ಖಾಲಿ ಡಬ್ಬವನ್ನು ದಾರಿಗಡ್ಡ ಎಂದು ಎತ್ತಿ ಪಕ್ಕಕ್ಕಿಟ್ಟೆ. ಸೋಪು ಹಾಕಿ ಕೈ ತೊಳೆದೆ. ಆಮೇಲೆ ಅಜ್ಜಿ ಕೇಳಿದಳೆಂದು ಕಬ್ಬಿನ ಹಾಲಿನ ಕೊಳೆ ತೆಗೆಯುವ ಸುಣ್ಣದ ತಿಳಿನೀರಿನ ಚೊಂಬನ್ನು ಹಿಡಿದು ಕೊಪ್ಪರಿಗೆಗೆ ನಾನೇ ಸುರಿದೆ. ನಡೆದದ್ದು ಇಷ್ಟೇ.

ಬೆಲ್ಲದಲ್ಲಿ ಹೆಚ್ಚಿನದು ಮಂಡ್ಯದ ಮಾರ್ಕೆಟ್ಟಿಗೆ ಹೋಯಿತು. ಬಾಣಂತಿಗೆಂದು ಒಂದು ಡಬ್ಬ ತುಂಬಿಕೊಂಡು ಅಪ್ಪ ಮಳವಳ್ಳಿ ಕಡೆಗೆ ಹೋಗಿ ಕೊಟ್ಟು ಬಂದ. ಅವನು ವಾಪಸು ಬಂದ ಸಂಜೆ ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಎಲ್ಲಿತ್ತೋ ಏನೋ, ಒಂದು ಯೋಚನೆ ಬಂತು. ನನ್ನ ಕೈಯಲ್ಲಿ ಆ ಔಷಧಿ ಉಳಿದಿದ್ದರೆ? ಅವ್ವ ಆ ಬೆಲ್ಲ ತಿಂದು, ಪಾಪು ಅವಳ ಹಾಲು ಕುಡಿದು, ಇಬ್ಬರೂ ಸತ್ತರೆ? ಎತ್ತಿದ ಕಾಲು ಇಳಿಸಿ ಆಟ ಬಿಟ್ಟು ಬಂದೆ.

ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ಕೇಳಿದೆ.

"ಇಲ್ಲ ಕಣವ್ವ, ನೀನೇನೂ ಆಕ್ನಿಲ್ಲ. ನಾನೇ ನೋಡ್ತಿದ್ನಲ್ಲ, ಬುಡು" ಅಂದಳು.

ಎದೆ ಹಗುರಾಯಿತು. ಸೊಪ್ಪಿನ ಸಾರಿನಲ್ಲಿ ಮುದ್ದೆ ನುಂಗಿದೆ. ಕೈ ತೊಳೆಯುವಾಗ ಮತ್ತೆ ಬಂತು. ಅಜ್ಜಿ ನಿಜಕ್ಕೂ ನೋಡುತ್ತಿದ್ದಳಾ? ಇನ್ನೊಮ್ಮೆ ಕೇಳಿದೆ, ಹೇಳಿದಳು. ಮಾರನೆಯ ದಿನ ಎದ್ದ ಕೂಡಲೇ ಕೇಳಿದೆ. ತಲೆ ಬಾಚಿಸಿಕೊಳ್ಳುವಾಗ ಕೇಳಿದೆ. ಸ್ಕೂಲಿನ ಗೇಟಿನಿಂದ ವಾಪಸು ಓಡಿಬಂದು ಕೇಳಿದೆ. ಆ ಬೆಲ್ಲ ಎಸೆದುಬಿಡು ಎಂದು ಅವ್ವನ ಹತ್ತಿರ ಫೋನಿನಲ್ಲಿ ಅತ್ತುಬಿಟ್ಟೆ. ಮಗಳಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು ಎಂದು ಅವ್ವ ನಕ್ಕಳು. ಅನುಮಾನಂ ಪೆದ್ದರೋಗಂ ಎಂದು ಅಪ್ಪನೂ ನಕ್ಕ. ಅದು ನಿಜಕ್ಕೂ ರೋಗವೆಂದು ಪಾಪ ಅವನಿಗೇನು ಗೊತ್ತು.

ಬರೀ ಮಾತು ಸಾಲದಾದಾಗ ಆಣೆ ಕೇಳಲು ಶುರುಮಾಡಿದೆ. ಇಲ್ಲಿ ಅಜ್ಜಿಯ ಬಗ್ಗೆ ಒಂದು ಮಾತು ಹೇಳಬೇಕು. ಹಿಂದೊಮ್ಮೆ ಬೇಲಿಯ ತೆಂಗಿನಮರದ ತಕರಾರಿನಲ್ಲಿ ಊರವರು ನ್ಯಾಯಕ್ಕೆ ಕೂತಾಗ, ದೀಪ ಮುಟ್ಟಿ ಆಣೆ ಮಾಡಿದರೆ ಮರ ನಿನ್ನದೇ ಅಂದಿದ್ದರಂತೆ. ಮರ ಅಜ್ಜಿಯದೇ ಆಗಿತ್ತು. ಆದರೂ ಆಣೆ ಮಾಡಲೊಲ್ಲದೆ ಮರ ಬಿಟ್ಟುಕೊಟ್ಟು ಬಂದವಳು ಅವಳು. ನಿಜ ಹೇಳುವವರಿಗೂ ಆಣೆ ಒಳ್ಳೆಯದಲ್ಲ ಅನ್ನುವುದು ಅವಳ ನಂಬಿಕೆ. ಅಂಥವಳು ನನಗಾಗಿ ದೀಪ ಮುಟ್ಟಿದಳು. ನನ್ನ ತಲೆ ಮುಟ್ಟಿದಳು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಆಣೆ ಮಾಡಿದ ಗಳಿಗೆಗೆ ಸಮಾಧಾನ, ಮರುಗಳಿಗೆಗೆ ಹೊಸ ದಿಗಿಲು: ಆಣೆ ಸುಳ್ಳಾದರೆ ಅಜ್ಜಿಯೂ ಸಾಯುತ್ತಾಳಲ್ಲ?

ಕೈ ತೊಳೆದೂ ತೊಳೆದೂ ಬೆರಳಿನ ಸಂದು ಒಡೆದು ರಕ್ತ ಬಂತು. ಅನ್ನ ಸೇರದಾಯಿತು. ಬೇವಿನ ಸೊಪ್ಪಿನಲ್ಲಿ ದೃಷ್ಟಿ ತೆಗೆದರು, ಮದ್ದೂರಿಗೆ ಕರೆದೊಯ್ದು ತಾಯತ ಕಟ್ಟಿಸಿದರು. ಆ ತಾಯತ ಮುಟ್ಟಿದರೆ ಅದಕ್ಕೂ ವಿಷ ಹತ್ತುತ್ತದೆಂದು ತೋಳನ್ನು ದೂರ ಹಿಡಿದೇ ಓಡಾಡುತ್ತಿದ್ದೆ.

ಸ್ಕೂಲಿನ ದಾರಿಯಲ್ಲಿ ಸಣ್ಣದೊಂದು ಸರ್ಕಾರಿ ಆಸ್ಪತ್ರೆ ಇತ್ತು. ದಿನಾ ಬೆಳಿಗ್ಗೆ ಅದರ ಬಾಗಿಲಲ್ಲಿ ನಿಂತು, ಬೆಲ್ಲ ತಿಂದು ವಾಂತಿಯೆಂದು ಯಾರಾದರೂ ಬಂದಿದ್ದರಾ ಎಂದು ಸಿಸ್ಟರನ್ನು ವಿಚಾರಿಸುತ್ತಿದ್ದೆ. ಮೊದಮೊದಲು ನಕ್ಕು ಕಳಿಸಿದರು. ಒಂದು ದಿನ ನನ್ನ ಕೈ ನೋಡಿ ಒಳಗೆ ಕರೆದು ಕೂರಿಸಿದರು. ಎಲ್ಲ ಹೇಳಿಬಿಟ್ಟೆ. ಕೊನೆಗೆ, "ನನ್ ತಲೇಲಿ ಏನೋ ಕೆಟ್ಟೋಗೈತೆ ಸಿಸ್ಟರ್, ನಿಲ್ಸಿಬುಡಿ" ಎಂದು ಕೈ ಮುಗಿದೆ.

ಅಂದೇ ಅವರು ಮನೆಗೆ ಬಂದರು. ಅಪ್ಪ ಎದ್ದು ನಿಂತ.

"ನನ್ ಮಗ್ಳಿಗೆ ಉಚ್ಚು ಅಂತೀರಾ?"

"ಹುಚ್ಚಲ್ಲ, ಕಾಯ್ಲೆ. ಟೈಫಾಯ್ಡ್ ಬಂದಿದ್ರೂ ತಾಯ್ತ ಕಟ್ಟಿ ಕೂತಿರ್ತಿದ್ರಾ?"

ಮೂರನೆಯ ದಿನ ಅಪ್ಪ ನನ್ನನ್ನೂ ಅಜ್ಜಿಯನ್ನೂ ಮಂಡ್ಯದ ಬಸ್ಸು ಹತ್ತಿಸಿದ. ಅಲ್ಲಿನ ಡಾಕ್ಟರಮ್ಮ ನನ್ನ ಮಾತನ್ನು ಅವಸರ ಮಾಡದೆ ಕೇಳಿ, ಇದಕ್ಕೆ ಗೀಳು ಕಾಯಿಲೆ ಅನ್ನುತ್ತಾರೆ, ನಿನ್ನಂಥ ಮಕ್ಕಳು ತುಂಬ ಜನ ಬರುತ್ತಾರೆ ಅಂದರು. ಅದನ್ನು ಕೇಳಿಯೇ ನನಗೆ ಅಳು ಬಂತು. ಮಾತ್ರೆ ಬರೆದರು, ವಾರವಾರ ಬರಲು ಹೇಳಿದರು. ಆಮೇಲೆ ಅಜ್ಜಿಯ ಕಡೆ ತಿರುಗಿದರು. ನೀವು ಕೊಡುವ ಒಂದೊಂದು ಉತ್ತರವೂ ಒಲೆಗೆ ಹಾಕುವ ಸಿಪ್ಪೆಯಿದ್ದಂತೆ, ಉರಿ ಇನ್ನೂ ಜಾಸ್ತಿಯಾಗುತ್ತದೆ. ಬರಬರುತ್ತ ಕಡಿಮೆ ಮಾಡಿ ನಿಲ್ಲಿಸಿ. ಉತ್ತರ ಕೊಡಬೇಡಿ, ಅವಳನ್ನು ಬಿಟ್ಟೂ ಹೋಗಬೇಡಿ, ಜೊತೆಗೆ ಕೂತಿರಿ ಅಂದರು. ಅಜ್ಜಿ ತಲೆಯಾಡಿಸಿದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಶಿವರಾತ್ರಿ ಕಳೆದ ಒಂದು ಮಧ್ಯಾಹ್ನ ಮಳವಳ್ಳಿಯಿಂದ ಫೋನು ಬಂತು. ಪಾಪುವಿಗೆ ಭೇದಿ, ಆಸ್ಪತ್ರೆಗೆ ಸೇರಿಸಿದ್ದಾರೆ. ಜಗಲಿಯ ಮೇಲಿದ್ದ ಅಜ್ಜಿಯ ಹತ್ತಿರ ಓಡಿದೆ. ನಾನು ಹಾಕಲಿಲ್ಲ ತಾನೆ, ಆಣೆ ಮಾಡು ಅಂದೆ. ಅವಳು ಬಾಯಿ ತೆರೆಯಲಿಲ್ಲ. ಕಾಲು ಹಿಡಿದುಕೊಂಡೆ. ತಲೆ ಚಚ್ಚಿಕೊಂಡೆ. ಅವಳ ತೋಳಿಗೆ ಹೊಡೆದೆ, ಮುದುಕಿ ಎಂದು ಬೈದೆ.

"ಇದೊಂದ್ಸಲ ಆಣೆ ಮಾಡಜ್ಜಿ. ಇದೊಂದೇ ಸಲ."

ಅವಳು ಸೆರಗು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತಿನ ಮೇಲೆ ತೆಗೆದಳು.

"ಬಯ ಆಯ್ತದೆ ಅಂತ ಗೊತ್ತು ಕಣವ್ವ. ಉತ್ರ ಮಾತ್ರ ಕೊಡಕ್ಕಿಲ್ಲ. ಇಲ್ಲೇ ಕೂತಿರ್ತೀನಿ."

ಜಗತ್ತಿನಲ್ಲಿ ನನಗೆ ಇನ್ಯಾರೂ ಇಲ್ಲ ಅನ್ನಿಸಿತು. ಅಷ್ಟು ಒಂಟಿತನ ಆಮೇಲೆ ಯಾವ ಸಾವಿನಲ್ಲೂ ನನಗಾಗಿಲ್ಲ. ಬಿಸಿಲು ಜಗಲಿಯಿಂದ ಇಳಿದು ಎದುರು ಮನೆಯ ಗೋಡೆಗೆ ಹೋಗುವವರೆಗೂ ಅತ್ತೆ. ಆಮೇಲೆ ಅಳು ನಿಂತಿತು. ಭಯ ಇತ್ತು, ಆದರೆ ಮೊದಲಿನಷ್ಟು ಇರಲಿಲ್ಲ. ಯಾರೂ ಏನೂ ಹೇಳದೆ ಅದು ಇಳಿದದ್ದು ಅದೇ ಮೊದಲು. ಅದನ್ನು ಗಮನಿಸುವ ವಯಸ್ಸು ನನ್ನದಲ್ಲ, ಅಜ್ಜಿಯ ಮೇಲಿನ ಸಿಟ್ಟೊಂದೇ ಉಳಿಯಿತು. ವಾರಗಟ್ಟಲೆ ಅವಳ ಪಕ್ಕ ಮಲಗಲಿಲ್ಲ.

ಪಾಪುವಿನ ಭೇದಿ ಎರಡು ದಿನಕ್ಕೆ ನಿಂತಿತು. ಯುಗಾದಿ ಮುಗಿದ ಮೇಲೆ ಅವ್ವ ಅವನನ್ನೆತ್ತಿಕೊಂಡು ಮನೆಗೆ ಬಂದಳು. ನನ್ನ ಕಾಯಿಲೆ ಅಷ್ಟು ಸುಲಭಕ್ಕೆ ಹೊರಡಲಿಲ್ಲ. ಕಾಲೇಜಿನಲ್ಲಿ ಬೇರೆ ವೇಷದಲ್ಲಿ ಬಂತು, ಮತ್ತೆ ಡಾಕ್ಟರ ಹತ್ತಿರ ಹೋದೆ. ಈಗ ಪರವಾಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೇ ಬಿಟ್ಟು ಊಟ ಮಾಡಬಲ್ಲೆ.

ಆಲೆಮನೆಗಳು ಕಡಿಮೆಯಾದವೆಂದು ನಮ್ಮ ಕಡೆಯವರು ಮರುಗುತ್ತಾರೆ. ನನಗೆ ಮರುಕ ಬೇರೆಯದಕ್ಕೆ. ಆ ವರ್ಷಕ್ಕೆ ಮುಂಚೆ ನಾನು ಕೇಳಿದ್ದಕ್ಕೆಲ್ಲ ಅಜ್ಜಿಯ ಬಳಿ ಉತ್ತರವಿರುತ್ತಿತ್ತು. ಚಂದ್ರ ನಮ್ಮ ಹಿಂದೆ ಯಾಕೆ ಬರುತ್ತಾನೆ, ಕಾಗೆ ಒಂಟಿಯಾಗಿ ಯಾಕೆ ತಿನ್ನುವುದಿಲ್ಲ, ಬಾಯಿಗೆ ಬಂದ ಸುಳ್ಳನ್ನೆಲ್ಲ ಧಾರಾಳವಾಗಿ ಹೇಳುತ್ತಿದ್ದಳು. ಆಮೇಲೆ ಅವಳಿಂದ ಅದು ಆಗಲೇ ಇಲ್ಲ. ಉಪ್ಪು ಸಾಕಾ ಎಂದು ಕೇಳಿದರೂ ಒಂದು ಗಳಿಗೆ ತಡೆದು ನನ್ನ ಮುಖ ನೋಡುತ್ತಿದ್ದಳು. ಮೊಮ್ಮಗಳನ್ನು ಉಳಿಸಿಕೊಳ್ಳಲು ಅವಳು ಕಲಿತದ್ದು ಅದೊಂದೇ, ಅದನ್ನು ಮರೆಯಲು ಯಾವ ಡಾಕ್ಟರೂ ಹೇಳಿಕೊಡಲಿಲ್ಲ.

ಅವಳು ತೀರಿಕೊಳ್ಳುವ ಹಿಂದಿನ ವರ್ಷ ನನ್ನ ಮದುವೆಯಾಯಿತು. ಧಾರೆ ಸೀರೆ ಉಟ್ಟು ಅವಳ ಮುಂದೆ ನಿಂತು, ಬರೀ ಖುಷಿಗೆ ಕೇಳಿದೆ. "ಒಪ್ತದಾ ಅಜ್ಜಿ?"

ಅವಳ ಮುಖ ಇಳಿದುಹೋಯಿತು. ಅವ್ವನ ಕಡೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಕೇಳ್ತಿರೋದು ನೀನಾ, ಆ ಕಾಯ್ಲೆನಾ?"

ನಾನೇ ಕಣಜ್ಜಿ ಅಂದೆ. ಅವಳು ನಂಬಲಿಲ್ಲ. ನನ್ನ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡಳು. ಹೊರಗೆ ಹೆಣ್ಣನ್ನು ಕರೆಯುತ್ತಿದ್ದರೂ ಒಂದು ಮಾತೂ ಆಡದೆ ನನ್ನ ಪಕ್ಕದಲ್ಲೇ ಕೂತಿದ್ದಳು.